ಸ್ಕ್ಯಾನಿಂಗ್ ಕಲಿಸುವ ಯಂತ್ರ: ಯುವ ವೈದ್ಯರ ಕಲಿಕೆಯಲ್ಲಿ ಕೃತಕ ಬುದ್ಧಿಮತ್ತೆ

ದೇವರಾಯಸಮುದ್ರದ ಸುತ್ತಲಿನ ಊರುಗಳಿಂದ ಶ್ರೀಮಠಕ್ಕೆ ಬರುವ ತಾಯಂದಿರು ಗರ್ಭಿಣಿಯಾದ ಮಗಳನ್ನೋ ಸೊಸೆಯನ್ನೋ ಕರೆತಂದಾಗ ಕ್ಷೇಮಸಮಾಚಾರದ ಜೊತೆಗೆ ಬರುವ ಮೊದಲ ಮಾತು “ಸ್ಕ್ಯಾನಿಂಗ್ ಆಯಿತು” ಎಂಬುದು, ಇಲ್ಲವೇ “ಸ್ಕ್ಯಾನಿಂಗ್‌ಗೆ ದಿನ ಕೊಟ್ಟಿದ್ದಾರೆ” ಎಂಬುದು. ನಮ್ಮ ಹಿರಿಯರ ಕಾಲದಲ್ಲಿ ಈ ಪದವೇ ಈ ಸೀಮೆಯಲ್ಲಿ ಇರಲಿಲ್ಲ. ಇಂದು ಅದು ಮನೆಮಾತಾಗಿದೆ. ಯಂತ್ರಗಳೂ ಹೆಚ್ಚಿವೆ. ಆದರೆ ಯಂತ್ರ ದೊರೆತಷ್ಟು ಸುಲಭವಾಗಿ ಅದನ್ನು ಹಿಡಿಯಬಲ್ಲ, ಅದು ತೋರಿದ್ದನ್ನು ಓದಬಲ್ಲ ವೈದ್ಯರು ಹಳ್ಳಿಗಾಡಿನ ಜನರಿಗೆ ದೊರೆಯುತ್ತಿಲ್ಲ. ಮುಳಬಾಗಿಲಿಗೆ, ಅಲ್ಲಿಂದ ಕೋಲಾರಕ್ಕೆ, ಅಲ್ಲಿಂದ ಬೆಂಗಳೂರಿಗೆ ಎಂದು ಅಲೆಯುವ ಕುಟುಂಬಗಳ ಬವಣೆಯನ್ನು ಭಕ್ತರೇ ನಮಗೆ ಹೇಳುತ್ತಾರೆ.

ಇದರ ನಡುವೆ, ವೈದ್ಯಕೀಯ ವಿದ್ಯಾರ್ಥಿಗಳಿಗೆ ಸ್ಕ್ಯಾನಿಂಗ್ ಕಲಿಸಲು ಕೃತಕ ಬುದ್ಧಿಮತ್ತೆ ನೆರವಾಗುತ್ತದೆ ಎಂಬ ಸುದ್ದಿಯನ್ನು ಓದಿದ ಕೆಲವರು ನಮ್ಮನ್ನು ಕೇಳಿದ್ದುಂಟು: ಇನ್ನು ಮುಂದೆ ವೈದ್ಯರ ಬದಲು ಯಂತ್ರವೇ ನೋಡುತ್ತದೆಯೇ? ಹಾಗೆ ಕಲಿತವರನ್ನು ನಂಬಬಹುದೇ? ನಾವು ಕನ್ನಡ ಸಾಹಿತ್ಯವನ್ನು ಓದಿದವರೇ ಹೊರತು ವೈದ್ಯರಲ್ಲ. ಆದರೂ ಶ್ರೀಮಠದ ಭಕ್ತರಾಗಿರುವ ವೈದ್ಯರಲ್ಲಿ ವಿಚಾರಿಸಿ, ಪ್ರಕಟವಾದ ಅಧ್ಯಯನಗಳನ್ನು ನೋಡಿ, ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ಸ್ಕ್ಯಾನಿಂಗ್ ಎಂದರೇನೆಂದು ನೋಡೋಣ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲದು. ಅಲ್ಟ್ರಾಸೌಂಡ್ ಯಂತ್ರವು ಬಳಸುವುದು ಸೆಕೆಂಡಿಗೆ ಸುಮಾರು 20 ಲಕ್ಷದಿಂದ 1.5 ಕೋಟಿ ಕಂಪನಗಳ ಧ್ವನಿಯನ್ನು. ವೈದ್ಯರ ಕೈಯಲ್ಲಿರುವ ಪ್ರೋಬ್ ಈ ಧ್ವನಿಯನ್ನು ದೇಹದೊಳಕ್ಕೆ ಕಳುಹಿಸುತ್ತದೆ. ಮೃದು ಅಂಗಾಂಶಗಳಲ್ಲಿ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗಿ, ಒಂದು ಅಂಗಾಂಶ ಮುಗಿದು ಇನ್ನೊಂದು ಆರಂಭವಾಗುವಲ್ಲಿ ಪ್ರತಿಧ್ವನಿಯಾಗಿ ಮರಳುತ್ತದೆ. ಮರಳಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕಿ, ಯಂತ್ರವು ಪರದೆಯ ಮೇಲೆ ಚಿತ್ರ ಬಿಡಿಸುತ್ತದೆ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುವುದು ಚರ್ಮಕ್ಕೂ ಪ್ರೋಬ್‌ಗೂ ನಡುವೆ ಗಾಳಿ ಉಳಿಯದಿರಲೆಂದು. ಗಾಳಿ ಇದ್ದರೆ ಧ್ವನಿ ಒಳಗೆ ಹೋಗದೆ ಅಲ್ಲಿಂದಲೇ ಹಿಂದಿರುಗುತ್ತದೆ. ಎಕ್ಸ್‌-ರೇಯಲ್ಲಿರುವಂತಹ ವಿಕಿರಣ ಇಲ್ಲಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಅವರು ಕೈಗಾರಿಕೆಯಲ್ಲಿ ಲೋಹದ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರವನ್ನು ರೋಗಿಗಳ ಉದರ ಪರೀಕ್ಷೆಗೆ ಒಗ್ಗಿಸಿ, 1958ರಲ್ಲಿ ತಮ್ಮ ಸಂಗಡಿಗರೊಡನೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಇಂದಿನ ಪ್ರಸೂತಿ ಸ್ಕ್ಯಾನಿಂಗ್ ಬೆಳೆದದ್ದು ಅಲ್ಲಿಂದ.

ಇದನ್ನು ಕಲಿಯುವುದು ಏಕೆ ಕಷ್ಟ? ಎಕ್ಸ್‌-ರೇಯಲ್ಲಿ ಚಿತ್ರ ತೆಗೆಯುವವರು ಒಬ್ಬರು, ಓದುವವರು ಇನ್ನೊಬ್ಬರು. ಸ್ಕ್ಯಾನಿಂಗ್‌ನಲ್ಲಿ ಚಿತ್ರವು ನೋಡುವವರ ಕೈಯಲ್ಲೇ ಹುಟ್ಟುತ್ತದೆ. ಶ್ರೀನಿವಾಸಪುರದ ಮಾವಿನಹಣ್ಣನ್ನು ಅಡ್ಡ ಕೊಯ್ದರೆ ಕಾಣುವುದು ಒಂದು ರೂಪ, ಉದ್ದ ಕೊಯ್ದರೆ ಇನ್ನೊಂದು. ಅಂಚಿನಲ್ಲಿ ಓರೆಯಾಗಿ ಕೊಯ್ದರೆ ಒಳಗೆ ವಾಟೆ ಇದೆಯೆಂಬುದೇ ತಿಳಿಯದು. ಪ್ರೋಬ್ ಮಾಡುವುದೂ ಅಂಥದೇ ಒಂದು ಕೊಯ್ತವನ್ನು, ಚಾಕು ಇಲ್ಲದೆ. ಕೈ ಕೊಂಚ ವಾಲಿದರೆ ಮಗುವಿನ ತಲೆಯ ಸುತ್ತಳತೆ ತಪ್ಪಾಗುತ್ತದೆ. ಹೃದಯದ ನಾಲ್ಕು ಕೋಣೆಗಳಲ್ಲಿ ಒಂದು ಮರೆಯಾಗುತ್ತದೆ. ಕೈಗೂ ಕಣ್ಣಿಗೂ ಏಕಕಾಲದಲ್ಲಿ ವಿದ್ಯೆ ಬರಬೇಕು. ಅದು ಪುಸ್ತಕದಿಂದ ಬರುವುದಿಲ್ಲ. ಗುರುವು ಪಕ್ಕದಲ್ಲಿ ನಿಂತು “ಇನ್ನಷ್ಟು ಎಡಕ್ಕೆ, ಈಗ ತುಸು ಬಾಗಿಸು, ಅಲ್ಲೇ ನಿಲ್ಲಿಸು” ಎಂದು ಹೇಳುತ್ತಾ ನೂರಾರು ಬಾರಿ ಮಾಡಿಸಿದಾಗ ಮಾತ್ರ ಬರುತ್ತದೆ.

ಆದರೆ ಆ ಗುರುವಿಗೆ ಸಮಯವೆಲ್ಲಿದೆ? ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು 1986ರಿಂದ ಈ ಭಾಗದಲ್ಲಿ ವೈದ್ಯರನ್ನು ರೂಪಿಸುತ್ತಿದೆ. ಸುತ್ತೂರು ಶ್ರೀಮಠದ ಆಶ್ರಯದ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜು 1984ರಿಂದಲೂ, ಬೆಳಗಾವಿಯ ಕೆಎಲ್‌ಇ ಸಂಸ್ಥೆ ಸ್ಥಾಪಿಸಿದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಿಂದಲೂ ಇದೇ ಕಾಯಕದಲ್ಲಿವೆ. ಭಕ್ತರ ಮನೆಗಳ ಎಷ್ಟೋ ಮಕ್ಕಳು ಇಂತಹ ಕಾಲೇಜುಗಳಲ್ಲಿ ಓದಿದವರು. ಯಾವ ಬೋಧನಾ ಆಸ್ಪತ್ರೆಯಲ್ಲೇ ಆಗಲಿ, ಸ್ಕ್ಯಾನಿಂಗ್ ಕೊಠಡಿಯ ಹೊರಗೆ ಸಾಲು ಇರುತ್ತದೆ. ಒಳಗೆ ಹಿರಿಯ ವೈದ್ಯರು ರೋಗಿಗಳನ್ನೂ ನೋಡಬೇಕು, ವಿದ್ಯಾರ್ಥಿಗಳಿಗೂ ಕಲಿಸಬೇಕು. ದೇಶದಲ್ಲಿ 2019ರಿಂದ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ವೈದ್ಯ ಶಿಕ್ಷಣದ ಪಠ್ಯಕ್ರಮವು ವಿದ್ಯಾರ್ಥಿಯು ಎಷ್ಟು ಓದಿದ ಎಂಬುದಕ್ಕಿಂತ ಏನನ್ನು ಮಾಡಬಲ್ಲ ಎಂಬುದಕ್ಕೆ ಒತ್ತು ಕೊಟ್ಟು, ಕೌಶಲ ಪ್ರಯೋಗಾಲಯಗಳನ್ನು ಬಯಸುತ್ತದೆ. ನಿಯಮ ಒಳ್ಳೆಯದೇ. ಕೈ ಹಿಡಿದು ತಿದ್ದುವವರ ಸಂಖ್ಯೆ ಮಾತ್ರ ನಿಯಮದಿಂದ ಹೆಚ್ಚುವುದಿಲ್ಲ.

ಕೃತಕ ಬುದ್ಧಿಮತ್ತೆಯು ಪ್ರವೇಶಿಸುವುದು ಇಲ್ಲಿ. ತಜ್ಞರು ತೆಗೆದ ಸಾವಿರ ಸಾವಿರ ಚಿತ್ರಗಳನ್ನು, “ಇದು ಸರಿಯಾದ ನೋಟ, ಇದು ಅರ್ಧ ನೋಟ, ಇದು ಯಕೃತ್ತು, ಇದು ಮೂತ್ರಪಿಂಡ” ಎಂಬ ಗುರುತುಗಳೊಂದಿಗೆ ಗಣಕಯಂತ್ರಕ್ಕೆ ಉಣಿಸುತ್ತಾರೆ. ಅವುಗಳಲ್ಲಿನ ಸಾಮ್ಯವನ್ನು ಅದು ಲೆಕ್ಕಾಚಾರದಿಂದ ಹಿಡಿಯುತ್ತದೆ. ಬಳಿಕ ವಿದ್ಯಾರ್ಥಿಯು ಪ್ರೋಬ್ ಇಟ್ಟಾಗ ಪರದೆಯ ಮೇಲೆ ಅಂಗಗಳ ಹೆಸರನ್ನು ತೋರಿಸುತ್ತದೆ. ಕೈಯನ್ನು ಯಾವ ಕಡೆಗೆ ತಿರುಗಿಸಬೇಕೆಂದು ಸೂಚಿಸುತ್ತದೆ. ಚಿತ್ರವು ಓದಲು ಯೋಗ್ಯವಾಯಿತೇ ಎಂಬುದನ್ನು ಒಂದು ಅಳತೆಪಟ್ಟಿಯಲ್ಲಿ ಏರಿಳಿಸಿ ತೋರಿಸುತ್ತದೆ. ಅದಕ್ಕೆ ದಣಿವಿಲ್ಲ, ಗದರುವುದಿಲ್ಲ, ರಾತ್ರಿ ಪಾಳಿಯಲ್ಲೂ ಇರುತ್ತದೆ.

ಇದು ಬರೀ ಮಾತಲ್ಲ ಎಂಬುದಕ್ಕೆ ಒಂದು ಅಧ್ಯಯನವಿದೆ. ಅಮೆರಿಕದ ಕ್ಯಾಪ್ಷನ್ ಹೆಲ್ತ್ ಸಂಸ್ಥೆಯು ಹೃದಯದ ಸ್ಕ್ಯಾನಿಂಗ್‌ಗೆ ಮಾರ್ಗದರ್ಶನ ನೀಡುವ ತಂತ್ರಾಂಶವನ್ನು ರೂಪಿಸಿತು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 2020ರ ಫೆಬ್ರವರಿಯಲ್ಲಿ ಅದಕ್ಕೆ ಅನುಮತಿ ನೀಡಿತು. ಹಿಂದೆಂದೂ ಸ್ಕ್ಯಾನಿಂಗ್ ಮಾಡಿರದ 8 ಮಂದಿ ದಾದಿಯರು ಅದರ ನೆರವಿನಿಂದ ತಲಾ 30ರಂತೆ 240 ರೋಗಿಗಳ ಹೃದಯದ ಚಿತ್ರಗಳನ್ನು ತೆಗೆದರು. ಎಡ ಹೃತ್ಕುಕ್ಷಿಯ ಗಾತ್ರ, ಅದರ ಕೆಲಸ, ಹೃದಯದ ಸುತ್ತ ನೀರು ತುಂಬಿದೆಯೇ ಎಂಬುದನ್ನು ಹೇಳಲು 100ರಲ್ಲಿ ಸುಮಾರು 99 ರೋಗಿಗಳ ಚಿತ್ರಗಳು ಸಾಕಾದವು ಎಂದು 2021ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಫಲಿತಾಂಶ ಬೆರಗು ಹುಟ್ಟಿಸುವಂಥದೇ. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಆ ಚಿತ್ರಗಳನ್ನು ಓದಿ ತೀರ್ಮಾನಿಸಿದವರು ನುರಿತ ಹೃದಯ ತಜ್ಞರು. ಮತ್ತು, ಯಂತ್ರದ ಸೂಚನೆಯನ್ನು ತೆಗೆದುಬಿಟ್ಟರೆ ಆ ದಾದಿಯರು ತಾವಾಗಿಯೇ ಮಾಡಬಲ್ಲರೇ ಎಂಬುದು ಆ ಅಧ್ಯಯನದ ಪ್ರಶ್ನೆಯಾಗಿರಲಿಲ್ಲ. ಚಿತ್ರ ಬಂದಿತು ಎಂಬುದು ಒಂದು. ವಿದ್ಯೆ ಬಂದಿತು ಎಂಬುದು ಇನ್ನೊಂದು.

ಈ ವ್ಯತ್ಯಾಸವೇ ನಮಗೆ ಮುಖ್ಯವಾಗಿ ಕಂಡದ್ದು. ವೈದ್ಯರ ಬದಲಿಗೆ ತಾನೇ ಕೆಲಸ ಮಾಡಿಬಿಡುವ ಯಂತ್ರ ಬೇರೆ, ವೈದ್ಯರಿಗೆ ಕೆಲಸ ಕಲಿಸುವ ಯಂತ್ರ ಬೇರೆ. ಸುದ್ದಿಗಳಲ್ಲಿ ಇವೆರಡೂ ಒಂದೇ ಹೆಸರಿನಲ್ಲಿ ಬರುವುದರಿಂದ ಭಕ್ತರಿಗೆ ಗೊಂದಲವಾಗುವುದು ಸಹಜ. ಮೊದಲನೆಯ ಬಗೆಗೆ ಆಫ್ರಿಕದ ಜಾಂಬಿಯಾ ದೇಶದಲ್ಲೂ ಅಮೆರಿಕದ ನಾರ್ತ್ ಕೆರೊಲಿನಾದಲ್ಲೂ ನಡೆದ ಕೆಲಸ ಒಳ್ಳೆಯ ಉದಾಹರಣೆ. ಅಲ್ಲಿ ತರಬೇತಿ ಇಲ್ಲದವರು ಪರದೆಯನ್ನು ನೋಡದೆಯೇ ಗರ್ಭಿಣಿಯ ಹೊಟ್ಟೆಯ ಮೇಲೆ ಪ್ರೋಬನ್ನು ಗೊತ್ತಾದ ಗೆರೆಗಳಲ್ಲಿ ಎಳೆಯುತ್ತಾರೆ. ಗರ್ಭಕ್ಕೆ ಎಷ್ಟು ವಾರ ಎಂಬುದನ್ನು ಕೃತಕ ಬುದ್ಧಿಮತ್ತೆ ಹೇಳುತ್ತದೆ. 2022 ಮತ್ತು 2024ರಲ್ಲಿ ಪ್ರಕಟವಾದ ವರದಿಗಳ ಪ್ರಕಾರ ಆ ಅಂದಾಜು ತರಬೇತಾದ ಸ್ಕ್ಯಾನಿಂಗ್ ತಜ್ಞರದಕ್ಕೆ ಸಮನಾಗಿತ್ತು. ವೈದ್ಯರೇ ಇಲ್ಲದ ಊರಿಗೆ ಇದು ದೊಡ್ಡ ಉಪಕಾರ. ಆದರೆ ಪ್ರೋಬ್ ಎಳೆದವರು ಸ್ಕ್ಯಾನಿಂಗ್ ಕಲಿತರೇ ಎಂದರೆ, ಇಲ್ಲ. ಅವರಿಗೆ ಮಗುವಿನ ಬೆನ್ನುಹುರಿಯ ದೋಷವಾಗಲಿ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇರುವುದಾಗಲಿ ಅದರಿಂದ ತಿಳಿಯುವಂತಾಗುವುದಿಲ್ಲ.

ನಮ್ಮ ದೇಶದ ಒಂದು ಕೆಲಸವನ್ನೂ ಇಲ್ಲಿ ಹೇಳಬೇಕು. ಗರ್ಭದ ವಾರಗಳನ್ನು ಲೆಕ್ಕ ಹಾಕಲು ವೈದ್ಯರು ಬಹುಕಾಲದಿಂದ ಬಳಸುತ್ತಿರುವ ಹ್ಯಾಡ್‌ಲಾಕ್ ಸೂತ್ರವು 1980ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ನಿನ ತಾಯಂದಿರ ಅಳತೆಗಳಿಂದ ಹುಟ್ಟಿದ್ದು. ನಮ್ಮ ತಾಯಂದಿರ ಮಕ್ಕಳ ಬೆಳವಣಿಗೆ ಅದೇ ಅಚ್ಚಿನಲ್ಲಿ ಇರಬೇಕೆಂದಿಲ್ಲ. ಆದ್ದರಿಂದ ಮದ್ರಾಸ್ ಐಐಟಿ ಮತ್ತು ಫರೀದಾಬಾದಿನ ಟಿಎಚ್‌ಎಸ್‌ಟಿಐ ಸಂಸ್ಥೆಯವರು ಗುರುಗ್ರಾಮದ ಸರಕಾರಿ ಆಸ್ಪತ್ರೆಗೆ ಬಂದ ತಾಯಂದಿರ ಅಳತೆಗಳಿಂದ ‘ಗರ್ಭಿಣಿ’ ಎಂಬ ಹೆಸರಿನ ಹೊಸ ಲೆಕ್ಕವನ್ನು ರೂಪಿಸಿ 2024ರಲ್ಲಿ ಪ್ರಕಟಿಸಿದರು. ಗರ್ಭದ ಕೊನೆಯ ತಿಂಗಳುಗಳಲ್ಲಿ ತಪ್ಪಿನ ಪ್ರಮಾಣವು ಇದರಿಂದ ಸುಮಾರು ಮೂರರಲ್ಲಿ ಒಂದಕ್ಕೆ ಇಳಿಯುತ್ತದೆಂದು ಅವರು ತಿಳಿಸಿದ್ದಾರೆ. ವಾರ ತಪ್ಪಿದರೆ ಆಗುವ ಅನಾಹುತ ಸಣ್ಣದಲ್ಲ: ತುಂಬು ತಿಂಗಳಾಗದ ಮಗುವನ್ನು ತುಂಬಿತೆಂದು ಹೊರತೆಗೆಯಬಹುದು, ಆರೋಗ್ಯವಾಗಿರುವ ಮಗುವನ್ನು ಬೆಳವಣಿಗೆ ಸಾಲದೆಂದು ಭಾವಿಸಬಹುದು. ಗಮನಿಸಬೇಕಾದ ಅಂಶವೆಂದರೆ, ಈ ಲೆಕ್ಕವೂ ನಿಂತಿರುವುದು ವೈದ್ಯರು ಕೈಯಾರೆ ಅಳೆದು ಕೊಟ್ಟ ಅಂಕಿಗಳ ಮೇಲೆಯೇ. ಅಳತೆ ಓರೆಯಾದರೆ ಲೆಕ್ಕವೂ ಓರೆ.

ಯಂತ್ರವನ್ನು ನೆಚ್ಚಿ ಕಲಿತವರ ಕೈ ಸೋಮಾರಿಯಾಗುವುದಿಲ್ಲವೇ ಎಂಬ ಭಕ್ತರ ಶಂಕೆ ನಿರಾಧಾರವಲ್ಲ. ನಮ್ಮ ಶಾಸ್ತ್ರದಿಂದಲೇ ಒಂದು ಹೋಲಿಕೆ ಕೊಡಬಹುದು. ಹಳಗನ್ನಡ ಕಾವ್ಯವನ್ನು ಓದುವ ವಿದ್ಯಾರ್ಥಿಗೆ ಗದ್ಯಾನುವಾದವಿರುವ ಪುಸ್ತಕ ದೊಡ್ಡ ನೆರವು. ಪದ್ಯವನ್ನು ತಾನೇ ಬಿಡಿಸಿ, ಅನ್ವಯ ಮಾಡಿ, ಆಮೇಲೆ ಅನುವಾದದೊಡನೆ ಹೋಲಿಸಿ ನೋಡಿದವನಿಗೆ ನಾಲ್ಕಾರು ತಿಂಗಳಲ್ಲಿ ಹಳಗನ್ನಡ ಒಲಿಯುತ್ತದೆ. ಮೊದಲೇ ಅನುವಾದಕ್ಕೆ ಕಣ್ಣು ಹಾಯಿಸುವವನು ಎರಡು ವರ್ಷ ಓದಿ ಪದವಿ ಪಡೆದರೂ ಹೊಸ ಪದ್ಯವೊಂದನ್ನು ಮುಂದಿಟ್ಟರೆ ತಡವರಿಸುತ್ತಾನೆ. ಪುಸ್ತಕ ಒಂದೇ; ಬಳಸಿದ ಕ್ರಮ ಬೇರೆ.

ವೈದ್ಯರಲ್ಲೂ ಇಂಥದೊಂದು ಕಂಡುಬಂದಿದೆ. ಪೋಲೆಂಡ್ ದೇಶದ ನಾಲ್ಕು ಕೇಂದ್ರಗಳಲ್ಲಿ ದೊಡ್ಡಕರುಳನ್ನು ನಳಿಕೆಯ ಮೂಲಕ ಪರೀಕ್ಷಿಸುವ ಅನುಭವಿ ವೈದ್ಯರಿಗೆ ಕೃತಕ ಬುದ್ಧಿಮತ್ತೆಯ ನೆರವು ಕೊಡಲಾಯಿತು. ಅದರ ಬಳಕೆ ರೂಢಿಯಾದ ಮೇಲೆ, ನೆರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳು ಪತ್ತೆಯಾದ ಪ್ರಮಾಣ ಶೇ. 28.4ರಿಂದ ಶೇ. 22.4ಕ್ಕೆ ಇಳಿದಿತ್ತೆಂದು 2025ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು ಪ್ರಕಟಿಸಿತು. ಅದು ಸ್ಕ್ಯಾನಿಂಗ್ ಅಲ್ಲ. ಒಂದೇ ಅಧ್ಯಯನದಿಂದ ಕೊನೆಯ ಮಾತು ಹೇಳಲೂ ಬಾರದು. ಆದರೂ ಪಳಗಿದ ಕಣ್ಣಿಗೇ ಹೀಗಾಗಬಹುದಾದರೆ, ಇನ್ನೂ ಪಳಗದ ಕಣ್ಣಿನ ವಿಷಯದಲ್ಲಿ ಎಚ್ಚರ ಬೇಡವೇ?

ಆದ್ದರಿಂದ ಕಲಿಸುವ ಕ್ರಮದ ಬಗ್ಗೆ ನಮ್ಮ ಅಭಿಪ್ರಾಯ ಹೀಗಿದೆ. ವಿದ್ಯಾರ್ಥಿಯು ಮೊದಲು ತಾನೇ ಪ್ರೋಬ್ ಹಿಡಿದು ನೋಡಲಿ, ತಾನು ಕಂಡದ್ದನ್ನು ಬರೆದಿಡಲಿ. ಆಮೇಲೆ ಯಂತ್ರದ ಸೂಚನೆ ತೆರೆಯಲಿ. ಎರಡೂ ಭಿನ್ನವಾದಾಗ ಗುರುವನ್ನು ಕರೆಯಲಿ. ಗುರುವಿನ ಸಮಯ ಉಳಿಯುವುದು ಹೀಗೆ: ಸರಿಯಾಗಿ ಬಂದ ನೂರು ಚಿತ್ರಗಳ ಪಕ್ಕದಲ್ಲಿ ಅವರು ನಿಲ್ಲಬೇಕಾಗಿಲ್ಲ, ಭಿನ್ನಾಭಿಪ್ರಾಯವಾದ ಹತ್ತರ ಬಳಿ ನಿಂತರೆ ಸಾಕು. ಪರೀಕ್ಷೆಯ ದಿನ ಯಂತ್ರದ ಸೂಚನೆ ಮುಚ್ಚಿರಲಿ. ಮುಂದೆ ಆ ವೈದ್ಯ ಹೋಗುವ ತಾಲ್ಲೂಕು ಆಸ್ಪತ್ರೆಯಲ್ಲಿ ಹಳೆಯ ಯಂತ್ರವೇ ಇರಬಹುದು. ಕೋಲಾರದಿಂದ ಮುಳಬಾಗಿಲಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಅಪಘಾತವಾಗಿ ನಡುರಾತ್ರಿ ಒಬ್ಬರನ್ನು ಹೊತ್ತುತಂದಾಗ, ಯಕೃತ್ತಿನ ಕೆಳಗೆ, ಗುಲ್ಮದ ಬಳಿ, ಕಿಬ್ಬೊಟ್ಟೆಯಲ್ಲಿ, ಹೃದಯದ ಸುತ್ತ ರಕ್ತ ನಿಂತಿದೆಯೇ ಎಂದು ಕೆಲವೇ ನಿಮಿಷಗಳಲ್ಲಿ ನೋಡಿ, ಇಲ್ಲೇ ಉಳಿಸಿಕೊಳ್ಳುವುದೋ ಮುಂದಕ್ಕೆ ಕಳುಹಿಸುವುದೋ ಎಂದು ನಿರ್ಧರಿಸಬೇಕು. ‘ಫಾಸ್ಟ್’ ಎಂದು ಕರೆಯುವ ಈ ಪರೀಕ್ಷೆಯನ್ನು ತುರ್ತು ಚಿಕಿತ್ಸೆಯ ಪ್ರತಿಯೊಬ್ಬ ವೈದ್ಯರೂ ಕಲಿಯಬೇಕು. ಆ ಹೊತ್ತಿಗೆ ವಿದ್ಯೆ ಕೈಯಲ್ಲೇ ಇರಬೇಕು.

ಕ್ರಮವಾಗಿ ಕಲಿಸಿದರೆ ವೈದ್ಯರಲ್ಲದವರೂ ಎಷ್ಟು ದೂರ ಬರಬಲ್ಲರೆಂಬುದಕ್ಕೆ ಕರ್ನಾಟಕದಲ್ಲೇ ಒಂದು ಮೇಲ್ಪಂಕ್ತಿಯಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಕಣ್ಣಿನ ಅಕ್ಷಿಪಟದ ಚಿತ್ರ ತೆಗೆದು ಬೆಂಗಳೂರಿನ ತಜ್ಞರಿಗೆ ಕಳುಹಿಸುತ್ತಾರೆ. ಅವರು ಚಿತ್ರ ತೆಗೆಯುವುದರ ಜೊತೆಗೆ ಕೆಂಪು, ಕಿತ್ತಳೆ, ಹಸಿರು ಎಂದು ತಾವೇ ವಿಂಗಡಿಸುವಷ್ಟು ತರಬೇತಿ ಪಡೆದರು. ಹಲವು ಕಂದಮ್ಮಗಳು ಕುರುಡಿನಿಂದ ಪಾರಾದವು. ಅಲ್ಲಿ ಮೊದಲು ಬಂದದ್ದು ತರಬೇತಿ, ಬೆನ್ನಿಗೆ ತಜ್ಞರ ಕಣ್ಗಾವಲು.

ಯಂತ್ರ ತಂದಿಟ್ಟರೆ ಎಲ್ಲವೂ ಆಯಿತೆಂಬ ಭ್ರಮೆಯೂ ಬೇಡ. ಕಾಂಗೋ, ಗ್ವಾಟೆಮಾಲಾ, ಕೀನ್ಯಾ, ಪಾಕಿಸ್ತಾನ, ಜಾಂಬಿಯಾ ಎಂಬ ಐದು ದೇಶಗಳ ಹಳ್ಳಿಗಾಡಿನಲ್ಲಿ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಒದಗಿಸಿ ನಡೆಸಿದ ದೊಡ್ಡ ಅಧ್ಯಯನವೊಂದು, ಅಷ್ಟರಿಂದಲೇ ತಾಯಿ ಮಕ್ಕಳ ಸಾವು ಕಡಿಮೆಯಾಗಲಿಲ್ಲವೆಂದು 2018ರಲ್ಲಿ ವರದಿ ಮಾಡಿತು. ತೊಂದರೆ ಇದೆಯೆಂದು ತಿಳಿದ ಮೇಲೆ ಹೋಗಲು ವಾಹನ, ತಲುಪಿದಲ್ಲಿ ರಕ್ತ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಇರಬೇಕಲ್ಲ.

ಇನ್ನು ಹೇಳಲು ಮನಸ್ಸಿಗೆ ಹಿತವಲ್ಲದ, ಆದರೆ ಹೇಳಲೇಬೇಕಾದ ಸಂಗತಿಯೊಂದಿದೆ. ಸ್ಕ್ಯಾನಿಂಗ್ ವಿದ್ಯೆ ಕಷ್ಟವಾಗಿದ್ದುದು ಒಂದು ಬಗೆಯ ಬೇಲಿಯೂ ಆಗಿತ್ತು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಹೆಣ್ಣುಭ್ರೂಣ ಹತ್ಯೆಯ ಜಾಲದಲ್ಲಿ, ಮಂಡ್ಯದ ಒಂದು ಆಲೆಮನೆಯಲ್ಲಿ ಯಂತ್ರವಿಟ್ಟುಕೊಂಡು ಲಿಂಗಪತ್ತೆ ನಡೆಯುತ್ತಿತ್ತೆಂಬುದನ್ನು ಓದಿ ನಾಡೇ ತಲೆತಗ್ಗಿಸಿತು. ಬೆಲ್ಲ ಕಾಯಿಸುವ ಜಾಗದಲ್ಲಿ! ಅಂಗೈಯಗಲದ ಪ್ರೋಬ್, ಮೊಬೈಲಿನಷ್ಟೇ ಪರದೆ, ದಾರಿ ತೋರುವ ತಂತ್ರಾಂಶ ಇವು ಮೂರೂ ಸೇರಿದಾಗ ಹಳ್ಳಿಯ ತಾಯಿಗೆ ಎಷ್ಟು ಹತ್ತಿರವಾಗುತ್ತವೆಯೋ, ಇಂತಹ ಪಾತಕಿಗಳಿಗೂ ಅಷ್ಟೇ ಹತ್ತಿರವಾಗುತ್ತವೆ. ಆದ್ದರಿಂದಲೇ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರತಿ ಯಂತ್ರವೂ ನೋಂದಾಯಿತ ಕೇಂದ್ರದಲ್ಲೇ ಇರಬೇಕೆಂದೂ, ಪ್ರತಿ ಗರ್ಭಿಣಿಯ ಸ್ಕ್ಯಾನಿಂಗ್‌ಗೂ ‘ಫಾರಂ ಎಫ್’ ತುಂಬಬೇಕೆಂದೂ ವಿಧಿಸುತ್ತದೆ. ಎಂಬಿಬಿಎಸ್ ಓದಿದ ವೈದ್ಯರು ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡಬೇಕಾದರೆ ಆರು ತಿಂಗಳ ತರಬೇತಿ ಬೇಕೆಂಬ ನಿಯಮ 2014ರಲ್ಲಿ ಬಂದಿತು. ಈ ನಿರ್ಬಂಧಗಳಿಂದ ಕಲಿಕೆಗೆ ತೊಡಕಾಗುತ್ತಿದೆ ಎಂದು ಕೆಲವು ವೈದ್ಯರು ಹೇಳುವುದುಂಟು. ಅವರ ಕಷ್ಟ ನಿಜವೇ ಇರಬಹುದು. ಆದರೂ ಬೇಲಿ ಕೀಳುವ ಮಾತಿಗೆ ನಾವು ಒಪ್ಪಲಾರೆವು. ಕಲಿಸುವ ತಂತ್ರಾಂಶವು ಲಿಂಗವನ್ನು ಸೂಚಿಸುವ ನೋಟಗಳನ್ನು ಗುರುತಿಸದಂತೆಯೇ ರಚಿತವಾಗಿರಬೇಕು, ಯಾವ ಚಿತ್ರ ಯಾವಾಗ ತೆಗೆದದ್ದೆಂಬ ದಾಖಲೆಯನ್ನು ಅಳಿಸಲಾಗದಂತಿರಬೇಕು. ಕೇಳುವವರಿಗೂ ಶಿಕ್ಷೆಯಿದೆ ಎಂಬುದು ಭಕ್ತರಿಗೆ ತಿಳಿದಿರಲಿ: ಲಿಂಗಪತ್ತೆ ಮಾಡಿಸಲು ಹೋದವರಿಗೆ ಮೊದಲ ಅಪರಾಧಕ್ಕೇ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ. ಗರ್ಭಿಣಿಯನ್ನು ಗಂಡನೋ ಬಂಧುಗಳೋ ಬಲವಂತಪಡಿಸಿದರೆಂದೇ ಕಾನೂನು ಭಾವಿಸುತ್ತದೆ. ಹೆಣ್ಣನ್ನು ಅನುಭವ ಮಂಟಪದಲ್ಲಿ ಸರಿಸಮನಾಗಿ ಕೂರಿಸಿದ ಶರಣರ ಪರಂಪರೆಯವರು ನಾವೆಂದು ಹೇಳಿಕೊಳ್ಳುವ ಮನೆಗಳಲ್ಲಿ “ಯಾವ ಮಗು ಎಂದು ಸುಮ್ಮನೆ ಕೇಳಿ ನೋಡಿ” ಎಂಬ ಮಾತು ಬರಲೇಬಾರದು.

ಬೋಧನಾ ಆಸ್ಪತ್ರೆಗೆ ಹೋದಾಗ ಮೊದಲು ಕಿರಿಯ ವೈದ್ಯರು ಪ್ರೋಬ್ ಹಿಡಿಯಬಹುದು, ಹೊತ್ತು ಹಿಡಿಯಬಹುದು. ಭಕ್ತರು ಬೇಸರಿಸಬಾರದು, ಅವರು ನಾಳೆ ನಮ್ಮ ತಾಲ್ಲೂಕಿಗೇ ಬರುವವರು. ಆದರೆ ಕೊನೆಗೆ ಹಿರಿಯ ವೈದ್ಯರು ನೋಡಿದರೇ, ವರದಿಗೆ ಯಾರ ಸಹಿ ಇದೆ ಎಂದು ವಿನಯದಿಂದ ಕೇಳುವ ಹಕ್ಕು ರೋಗಿಗಿದೆ. ನಿಮ್ಮ ಚಿತ್ರಗಳನ್ನು ಯಂತ್ರಕ್ಕೆ ಕಲಿಸಲು ಬಳಸುವುದಾದರೆ ಒಪ್ಪಿಗೆ ಕೇಳಬೇಕು, ಹೆಸರು ತೆಗೆದಿರಬೇಕು. ಓದದೆ ಸಹಿ ಹಾಕಬೇಡಿ. ಅರ್ಥವಾಗದಿದ್ದರೆ ಕನ್ನಡದಲ್ಲಿ ವಿವರಿಸಲು ಕೇಳಿ.

ಗರ್ಭದ ವಾರಗಳು ಅತ್ಯಂತ ಸರಿಯಾಗಿ ತಿಳಿಯುವುದು ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್‌ನಿಂದ. ಮಗುವಿನ ಅಂಗಾಂಗಗಳ ದೋಷವನ್ನು ನೋಡುವ ಸ್ಕ್ಯಾನಿಂಗ್ 18ರಿಂದ 20 ವಾರಗಳ ಹೊತ್ತಿಗೆ ಆಗಬೇಕು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತವಾಗಿ ನಡೆಯುತ್ತದೆ. ಹೋಗುವಾಗ ತಾಯಿ ಕಾರ್ಡ್ ಜೊತೆಗೆ ಹಿಂದಿನ ಎಲ್ಲ ಸ್ಕ್ಯಾನಿಂಗ್ ವರದಿಗಳನ್ನೂ ತೆಗೆದುಕೊಂಡು ಹೋಗಬೇಕು. ಮೊದಲ ವರದಿಯಲ್ಲಿ ಬರೆದ ದಿನಾಂಕವನ್ನೇ ವೈದ್ಯರು ಮುಂದಿನ ಲೆಕ್ಕಕ್ಕೆಲ್ಲ ಆಧಾರವಾಗಿ ಹಿಡಿಯುತ್ತಾರೆ.